ಗೊಂಜಾಳದ ಬಾಟ್ಲಿ, ಬಿಳಿಜೋಳದ ನಾಲಿಗಿ

ರೋಣ, ನರಗುಂದ, ಗಜೇಂದ್ರಗಡ ಈ ಮೂರೂ ತಾಲೂಕುಗಳಲ್ಲಿ ಕಾಳಿನ ರುಚಿ ಬಲ್ಲವರಿಗೆ ಬರವಿಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟರೆ ಜೋಳ ಎರಿ ಹೊಲದ್ದೋ ಮಸಾರಿಯದ್ದೋ ಎಂದು ಹೇಳುವ ಹಿರಿಯರು ಇಲ್ಲಿದ್ದಾರೆ. ಅದೇ ಕಾಳು ಭಟ್ಟಿ ಇಳಿದು ಬಂದಾಗ ಮಾತ್ರ ಅದರ ರುಚಿಯ ಮಾತು ನಿಂತುಹೋಗುತ್ತದೆ. ಕುಡಿತದ ವಿಷಯ ಬಂದರೆ ಒಂದೋ ಉಪದೇಶ, ಇಲ್ಲವೇ ಚೇಷ್ಟೆ. ಎರಡರ ನಡುವೆ ವಿಚಾರಕ್ಕೆ ಜಾಗವಿದೆಯೇ ಎಂಬ ಪ್ರಶ್ನೆಯನ್ನು ಇಬ್ಬರ ಬಾಯಲ್ಲಿಟ್ಟು ನೋಡುವ ಪ್ರಯತ್ನ ಇದು. ಒಬ್ಬರು ನರಗುಂದದ ನಿವೃತ್ತ ವಿಜ್ಞಾನ ಮಾಸ್ತರರು, ಎಂದೂ ಕುಡಿಯದವರು. ಇನ್ನೊಬ್ಬ ಅವರ ಅಕ್ಕನ ಮಗ, ಗಜೇಂದ್ರಗಡದವನು, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನೌಕರಿ. ನಡುವೆ ಇರುವುದು ಪಶ್ಚಿಮ ಆಸ್ಟ್ರೇಲಿಯಾದ ಟೈಗರ್ ಸ್ನೇಕ್ ಎಂಬ ಸೌರ್ ಮ್ಯಾಶ್ ವಿಸ್ಕಿ.

ಮಾವ: ನೋಡಪಾ, ಬಾಟ್ಲಿಗೆ ವಿಷದ ಹಾವಿನ ಹೆಸರಿಟ್ಟಾರ. ಇಷ್ಟು ಪ್ರಾಮಾಣಿಕತೆ ನಮ್ಮ ಬ್ರಾಂಡಿ ಅಂಗಡಿಯೊಳಗ ಕಾಣೂದಿಲ್ಲ, ಅಷ್ಟರ ಮಟ್ಟಿಗೆ ಮೆಚ್ಚಿದೆ. ಆದ್ರ ನೀ ಕೇಳಾಕತ್ತಿದ್ದು ಬರೇ ಮೆಚ್ಚಿಗಿ ಅಲ್ಲ. ಇದನ್ನ ಆಸ್ವಾದಿಸಬೇಕು, ಅದಕ್ಕೊಂದು ಕ್ರಮ ಐತಿ, ಅದು ಕಲಿಯೂ ವಿದ್ಯಾ ಅಂತೀ. ಕಾಳು ಒಡದು, ಬೇಯಿಸಿ, ಕೊಳಿಸಿ, ಭಟ್ಟಿ ಇಳಿಸೂದು ಅಂದ್ರ ಅಬಕಾರಿಯವರು ಹಳ್ಳದ ದಂಡಿಗೆ ಹಿಡದು ನೆಲಕ್ಕ ಚೆಲ್ಲತಾರಲ್ಲ, ಆ ಬೆಲ್ಲದ ಕೊಳೆಗೂ ಇದಕ್ಕೂ ತತ್ವದೊಳಗ ಏನು ಫರಕ್ ಐತಿ? ಅಲ್ಲಿ ಅದು ಗುನ್ಹೆ, ಇಲ್ಲಿ ಅದು ಕಲೆ. ಬಡವ ಕುಡದ್ರ ಚಟ, ಉಳ್ಳವ ಕುಡದ್ರ ರಸಿಕತನ ಅನ್ನೂ ಲೆಕ್ಕಕ್ಕ ನನ್ನ ತಕರಾರು ಐತಿ. ಆಸ್ವಾದ ಅನ್ನೂದು ಚಟಕ್ಕ ಹೊದಿಸಿದ ಶಾಲು ಅಲ್ಲ ಅಂತ ಮೊದಲು ತೋರಿಸು.

ಅಳಿಯ: ಆ ತಕರಾರು ಖರೇ ಐತ್ರಿ ಮಾಮಾ. ಅದಕ್ಕ ನಾ ಆಸ್ವಾದ ಅಂದ್ರ ಏನು ಅಂತ ಮೊದಲು ಹೇಳ್ತೀನಿ. ಚಲೋ ಐತಿ, ಮಸ್ತ ಐತಿ ಅನ್ನೂದು ಆಸ್ವಾದ ಅಲ್ಲ. ಬಾಯಿಗೆ ಬಂದ ಒಂದೊಂದು ರುಚಿಗೂ ಕಾರಣ ಹುಡುಕೂದು ಆಸ್ವಾದ. ಇದು ಕಾಳಿನಿಂದ ಬಂತೋ, ನೀರಿನಿಂದ ಬಂತೋ, ಹುಳಿಯಿಂದ ಬಂತೋ, ಕಟ್ಟಿಗಿಯಿಂದ ಬಂತೋ, ಹವಾದಿಂದ ಬಂತೋ ಅಂತ ಕೇಳೂದು. ಈ ಬಾಟ್ಲಿಯನ್ನೇ ತಗೋರಿ. ಪರ್ತ್‌ನಿಂದ ಸುಮಾರು 400 ಕಿಲೋಮೀಟರ್ ದಕ್ಷಿಣಕ್ಕ ಆಲ್ಬನಿ ಅಂತ ಹಳೇ ಬಂದರಿನ ಊರು. ಅಲ್ಲಿಯ ಗ್ರೇಟ್ ಸದರ್ನ್ ಡಿಸ್ಟಿಲಿಂಗ್ ಕಂಪನಿ ಇದನ್ನ ಮಾಡೂದು. ಅದು 2004ರಾಗ ಶುರುವಾತು, ಲೈಮ್‌ಬರ್ನರ್ಸ್ ಅನ್ನೂ ಸಿಂಗಲ್ ಮಾಲ್ಟ್‌ಗೆ ಹೆಸರಾತು. ಟೈಗರ್ ಸ್ನೇಕ್‌ನೊಳಗ ಮುಖ್ಯ ಕಾಳು ನಮ್ಮ ಗೊಂಜಾಳ, ಜೋಡಿ ರೈ ಮತ್ತ ಮೊಳಕಿ ಬರಿಸಿದ ಬಾರ್ಲಿ. ಅಮೆರಿಕದ ಬರ್ಬನ್‌ಗೂ ಇದೇ ದಾರಿ, ಆದ್ರ ಬರ್ಬನ್ ಅನ್ನೂ ಹೆಸರು ಅಮೆರಿಕಕ್ಕ ಮೀಸಲು. ಅದಕ್ಕ ಇವರು ಮಾಡೂ ವಿಧಾನವನ್ನೇ ಹೆಸರು ಮಾಡ್ಯಾರ, ಸೌರ್ ಮ್ಯಾಶ್ ಅಂತ. ಹಿಂದಿನ ಸಲ ಭಟ್ಟಿ ಇಳಿಸಿದ ಮ್ಯಾಲ ಹಂಡೇದಾಗ ಉಳದ ಹುಳಿನೀರನ್ನ ಚೆಲ್ಲದ, ಅದರೊಳಗಿಂದ ಒಂದು ಪಾಲು ತಗದು ಮುಂದಿನ ಕೊಳೆಗೆ ಹಾಕೂದು ಆ ವಿಧಾನ. ನಿನ್ನಿ ಮಸರಿನಿಂದ ಇವತ್ತಿನ ಹಾಲಿಗೆ ಹೆಪ್ಪು ಹಾಕಿದಂಗ.

ಮಾವ: ಇಲ್ಲೇ ನೀ ಎಡವಿದಿ ತಮ್ಮಾ. ಹೆಪ್ಪಿನೊಳಗ ಜೀವ ಇರ್ತೈತಿ. ಮಸರಿನ ಸೂಕ್ಷ್ಮಜೀವಿ ಹಾಲಿನೊಳಗ ಹೋಗಿ ಬೆಳೀತಾವ, ಅದಕ್ಕ ಹಾಲು ಮಸರಾಗ್ತೈತಿ. ನೀ ಹೇಳೂ ಹುಳಿನೀರು ಭಟ್ಟಿಯೊಳಗ ತಾಸುಗಟ್ಟಲೆ ಕುದ್ದದ್ದು. ಅದರೊಳಗ ಈಸ್ಟ್ ಸತ್ತಿರ್ತೈತಿ, ಬ್ಯಾಕ್ಟೀರಿಯಾನೂ ಸತ್ತಿರ್ತಾವ. ಸತ್ತ ನೀರು ಹಾಕಿದ್ರ ಹೆಪ್ಪು ಹ್ಯಾಂಗ ಆಗ್ತೈತಿ? ಹೊಸಾ ಈಸ್ಟ್ ಪ್ರತಿ ಸಲ ಬ್ಯಾರೇನೇ ಹಾಕಬೇಕು. ಹಂಗಾದ್ರ ನಿಮ್ಮ ಪರಂಪರೆ, ಸಾತತ್ಯ ಅನ್ನೂ ದೊಡ್ಡ ಮಾತಿಗೆ ಬುಡಾನೇ ಇಲ್ಲ. ಕಾರಣ ಹುಡುಕೂದೇ ಆಸ್ವಾದ ಅಂದವ, ಮೊದಲನೇ ಕಾರಣವನ್ನೇ ತಪ್ಪು ಹೇಳಿದಿ.

ಅಳಿಯ: ಒಪ್ಪಿದೆ ಮಾಮಾ, ಹೆಪ್ಪಿನ ಮಾತು ಹಿಂದಕ್ಕ ತಗೋತೀನಿ. ಆದ್ರ ಸತ್ತ ನೀರು ಕೆಲಸಕ್ಕ ಬಾರದ ನೀರಲ್ಲ. ಅದರೊಳಗ ಎರಡು ವಸ್ತು ಉಳದಿರ್ತಾವ: ಆಮ್ಲ, ಮತ್ತ ಈಸ್ಟ್‌ಗೆ ಬೇಕಾದ ಪೋಷಣ. ಆಮ್ಲ ಸೇರಿದ್ರ ಕೊಳೆಯ ಪಿಎಚ್ ಇಳೀತೈತಿ. ಆ ಹುಳಿಯೊಳಗ ಈಸ್ಟ್ ಆರಾಮ ಇರ್ತೈತಿ, ಕೆಡಿಸೂ ಬ್ಯಾಕ್ಟೀರಿಯಾಕ್ಕ ತ್ರಾಸ ಆಗ್ತೈತಿ. ಅಮೆರಿಕದ ಕೆಂಟಕಿಯೊಳಗ ಇದು ಯಾಕ ಬೇರೂರಿತು ಅನ್ನೂದಕ್ಕ ಅಲ್ಲಿಯ ನೀರೇ ಸಾಕ್ಷಿ. ಅದು ಸುಣ್ಣಕಲ್ಲಿನ ಮ್ಯಾಲ ಹರದ ನೀರು, ಗಡುಸು, ಕ್ಷಾರದ ಕಡೆ ವಾಲಿದ್ದು. ಆ ಕ್ಷಾರಕ್ಕ ಈ ಹುಳಿ ಮದ್ದು. ಸವಳು ನೀರಿನೊಳಗ ಬ್ಯಾಳಿ ಬೇಯೂದಿಲ್ಲ ಅಂತ ಗೊತ್ತಿದ್ದ ರೋಣದವರಿಗೆ ನೀರಿನ ಗುಣ ಅಡಗಿಯನ್ನ ಹ್ಯಾಂಗ ಆಳ್ತೈತಿ ಅಂತ ನಾ ಹೇಳಬೇಕಾಗಿಲ್ಲ. 1818ರಷ್ಟು ಹಿಂದೇನೇ ಕ್ಯಾಥರಿನ್ ಕಾರ್ಪೆಂಟರ್ ಅನ್ನೂ ಕೆಂಟಕಿಯ ಹೆಣ್ಮಗಳು ಈ ವಿಧಾನವನ್ನ ಬರದಿಟ್ಟಾಳ. ಆಮ್ಯಾಲ ಸ್ಕಾಟ್ಲೆಂಡ್‌ನಿಂದ ಬಂದ ವೈದ್ಯ ಜೇಮ್ಸ್ ಕ್ರೋ ಥರ್ಮಾಮೀಟರ್, ಹೈಡ್ರೋಮೀಟರ್ ಹಿಡಕೊಂಡು ಇದನ್ನ ಅಳತಿಗೆ ತಂದ. 1856ರಾಗ ಅವ ಸಾಯೂದ್ರೊಳಗ, ಒಂದು ವಾರದ ಮಾಲು ಇನ್ನೊಂದು ವಾರದ ಮಾಲಿನಂಗ ಇರಬೇಕು ಅನ್ನೂ ನೇಮ ಕೆಂಟಕಿಯೊಳಗ ನಿಂತಿತ್ತು. ಸಾತತ್ಯ ಅಂದ್ರ ಇದು. ಜೀವ ದಾಟಿ ಬರೂದಿಲ್ಲ, ಹದ ದಾಟಿ ಬರ್ತೈತಿ.

ಮಾವ: ಹದ ದಾಟಿ ಬರ್ತೈತಿ ಅಂದಿ, ಚಲೋ. ಆದ್ರ ನಿನ್ನ ಮಾತಿನಿಂದಾನೇ ಇನ್ನೊಂದು ತೊಡಕು ಹುಟ್ಟತೈತಿ. ಆಮ್ಲ ಹಾಕಿದ್ದು ಕೊಳೆ ಕೆಡಬಾರದು ಅಂತ. ಭಟ್ಟಿ ಇಳಿಸುವಾಗ ಆ ಆಮ್ಲದ ಬಹುಪಾಲು ಹಂಡೇದಾಗೇ ಉಳೀತೈತಿ, ಆವಿಯಾಗಿ ಮ್ಯಾಲ ಬರೂದು ಮದ್ಯಸಾರ ಮತ್ತ ಹಗುರ ವಾಸನಿಗಳು. ಅಂದ ಮ್ಯಾಲ ಗ್ಲಾಸಿನೊಳಗ ಹುಳಿ ಎಲ್ಲೈತಿ? ಬಾಟ್ಲಿ ಮ್ಯಾಲ ದೊಡ್ಡದಾಗಿ ಬರದದ್ದು ಕಾರ್ಖಾನಿಯ ಒಳಗಿನ ಶಿಸ್ತು, ಬಾಯಿಗೆ ಬರೂ ರುಚಿ ಅಲ್ಲ. ಅಡಗಿಮನಿ ಸ್ವಚ್ಛ ಐತಿ ಅಂತ ಬೋರ್ಡ್ ಹಾಕಿದ್ರ ಖಾನಾವಳಿಯ ಪಲ್ಯದ ರುಚಿ ಹೆಚ್ಚಾಗೂದಿಲ್ಲ. ನಮ್ಮ ಜೋಳದ ಅಂಬಲಿಯೊಳಗ ಹುಳಿ ಐತಿ, ಪುಂಡಿಪಲ್ಯದೊಳಗ ಹುಳಿ ಐತಿ, ಅದು ನಾಲಿಗಿಗೆ ನೆಟ್ಟಗ ಹತ್ತತೈತಿ. ಅದಕ್ಕ ಯಾರೂ ಪಾಠ ಹೇಳೂದು ಬ್ಯಾಡ. ನಾಲಿಗಿಗೆ ಹತ್ತದ ಹುಳಿಯನ್ನ ಆಸ್ವಾದಿಸು ಅಂದ್ರ, ಅದು ವ್ಯಾಪಾರದವರು ಹೇಳಿಕೊಟ್ಟ ಮಾತು ಅಂತ ಅನಸ್ತೈತಿ.

ಅಳಿಯ: ಹುಳಿ ಹುಳಿಯಾಗಿ ಬರೂದಿಲ್ಲ ಅನ್ನೂದು ಬರೋಬ್ಬರಿ. ಆದ್ರ ಅದು ವೇಷ ಬದಲಿಸಿ ಬರ್ತೈತಿ. ಕೊಳೆಯೊಳಗ ಆಮ್ಲ ಮತ್ತ ಮದ್ಯಸಾರ ಕೂಡಿದ್ರ ಎಸ್ಟರ್ ಆಗ್ತಾವ ಅಂತ ನೀವೇ ಸಾಲಿಯೊಳಗ ಕಲಿಸೀರಿ. ಬಾಳೆಹಣ್ಣು, ಪೇರಲಹಣ್ಣಿನ ವಾಸನಿಯೊಳಗ ಇರೂ ಜಾತಿಯ ವಸ್ತುಗಳು ಅವು. ಭಟ್ಟಿಯೊಳಗ ಆವಿಯಾಗಿ ಮ್ಯಾಲ ಬರೂದೂ ಅವೇ. ಕುಡಿಯೂದು ಬ್ಯಾಡ, ಬರೇ ಮೂಸಿ ನೋಡ್ರಿ. ಗ್ಲಾಸು ಕೆಳಗ ಅಗಲ, ಮ್ಯಾಲ ಸಣ್ಣದು ಯಾಕಂದ್ರ ವಾಸನಿ ಒಂದೇ ಕಡೆ ಕೂಡಲಿ ಅಂತ. ಮೂಗು ಪೂರಾ ಒಳಗ ಹಾಕಬ್ಯಾಡ್ರಿ, ಮದ್ಯಸಾರ ಸುಡತೈತಿ. ಬಾಯಿ ಸ್ವಲ್ಪ ತಗದು ಮೆಲ್ಲಕ ಉಸಿರು ತಗೋರಿ. ಈಗ ಹೇಳ್ರಿ, ಏನು ಬಂತು?

ಮಾವ: ಮೊದಲು ಸ್ಪಿರಿಟ್. ಆಮ್ಯಾಲ... ಲವಂಗ. ಖರೇನ, ಲವಂಗ ಐತಿ. ಅದರ ಹಿಂದ ಕೊಬ್ಬರಿ, ಬೆಲ್ಲದ ಪಾಕ ಕಡೀಕ ಹೊತ್ತಿದಾಗ ಬರೂ ಘಾಟು. ಯಾವುದನ್ನೂ ಅಲ್ಲಗಳಿಯೂದಿಲ್ಲ. ಆದ್ರ ಇವು ಯಾವುವೂ ಗೊಂಜಾಳದ ವಾಸನಿ ಅಲ್ಲ, ನಿನ್ನ ಹುಳಿಯ ವಾಸನಿನೂ ಅಲ್ಲ.

ಅಳಿಯ: ಅಲ್ಲ, ಅವು ಕಟ್ಟಿಗಿಯವು. ನೀವು ಹೇಳಿದ್ದು ಕವಿತಾ ಅಲ್ಲ ಅನ್ನೂದೇ ಇಲ್ಲಿ ಮುಖ್ಯ. ಓಕ್ ಪೀಪಾಯಿಯೊಳಗ ಯುಜಿನಾಲ್ ಅನ್ನೂ ವಸ್ತು ಐತಿ, ಲವಂಗಕ್ಕ ಅದರ ವಾಸನಿ ಕೊಡೂದೂ ಅದೇ ವಸ್ತು. ಕೊಬ್ಬರಿಯಂಗ ಬರೂದು ಓಕ್‌ನ ಲ್ಯಾಕ್ಟೋನ್. ಪೀಪಾಯಿಯ ಒಳಮೈ ಸುಟ್ಟಾಗ ಕಟ್ಟಿಗಿಯ ಲಿಗ್ನಿನ್ ಒಡದು ವೆನಿಲಿನ್ ಬರ್ತೈತಿ, ಕಟ್ಟಿಗಿಯ ಸಕ್ಕರಿ ಕರಗಿ ಪಾಕದ ಘಾಟು ಬರ್ತೈತಿ. ಲಂಡನ್‌ನವ ಹೇಳಿದ ಹೆಸರು ಕೇಳಿ ನೀವು ಹೇಳಲಿಲ್ಲ. ಅಡಗಿಮನಿ ಡಬ್ಬಿಯಿಂದ ಹೇಳಿದ್ರಿ, ರಸಾಯನಶಾಸ್ತ್ರ ಹೌದು ಅಂತು. ಇಲ್ಲಿ ಆಸ್ವಾದ ಶಾಲು ಹೊದ್ದಿಲ್ಲ ಮಾಮಾ, ಸಾಕ್ಷಿ ಹೇಳೈತಿ.

ಮಾವ: ಒಂದು ಸಾಕ್ಷಿಗೆ ಒಂದು ಪಾಟಿಸವಾಲು ಇರಬೇಕು. 2001ರಾಗ ಫ್ರಾನ್ಸ್‌ನವರು ಒಂದು ಪ್ರಯೋಗ ಪ್ರಕಟಿಸಿದ್ರು. ಬೋರ್ಡೋದಾಗ ವೈನ್ ಶಾಸ್ತ್ರ ಕಲಿಯೂ 54 ಮಂದಿಗೆ ಬಿಳಿ ವೈನ್‌ಗೆ ವಾಸನಿ ಇಲ್ಲದ ಕೆಂಪು ಬಣ್ಣ ಹಾಕಿ ಕೊಟ್ರು. ಅವರು ಕೆಂಪು ವೈನ್‌ಗೆ ಹೇಳೂ ಪದಗಳನ್ನೇ ಅದಕ್ಕ ಹಚ್ಚಿದ್ರು. ಕಲತ ಮೂಗು ಕಣ್ಣಿನ ಮಾತು ಕೇಳಿತು. ನೀ ನನಗ ಬಾಟ್ಲಿ ತೋರಿಸಿದಿ, ಸುಟ್ಟ ಪೀಪಾಯಿಯ ಬಣ್ಣ ತೋರಿಸಿದಿ, ಆಮ್ಯಾಲ ಮೂಸು ಅಂದಿ. ಲವಂಗ ಬಂದದ್ದು ಗ್ಲಾಸಿನಿಂದೋ, ನನ್ನ ನಿರೀಕ್ಷೆಯಿಂದೋ? ಯುಜಿನಾಲ್ ಅದರೊಳಗ ಐತಿ ಅನ್ನೂದು ಒಂದು ಮಾತು, ನನ್ನ ಮೂಗು ಅದನ್ನೇ ಹಿಡೀತು ಅನ್ನೂದು ಇನ್ನೊಂದು ಮಾತು. ವಿಜ್ಞಾನ ಕಲಿಸಿದವ ಇವೆರಡನ್ನ ಒಂದೇ ಅನ್ನಬಾರದು. ಅದರ ಮ್ಯಾಲ ಬೆಲೆ ಐತಿ. ಹೊರದೇಶದ ವಿಸ್ಕಿಗೆ ನಮ್ಮ ದೇಶ ಬಹಳ ವರ್ಷ ನೂರಕ್ಕ 150ರಷ್ಟು ಆಮದು ಸುಂಕ ಹಾಕೈತಿ. ಅಷ್ಟು ರೊಕ್ಕ ಕೊಟ್ಟವನ ನಾಲಿಗಿ ಹೊಗಳದ ಇರ್ತೈತೇನು?

ಅಳಿಯ: ಆ ಪ್ರಯೋಗ ಹೇಳೂದು ಆಸ್ವಾದ ಸುಳ್ಳು ಅಂತಲ್ಲ. ಬಾಟ್ಲಿ, ಬಣ್ಣ, ಬೆಲೆ ಮುಚ್ಚಿ ನೋಡದ ಆಸ್ವಾದಕ್ಕ ಬೆಲೆ ಇಲ್ಲ ಅಂತ. ಅದನ್ನ ನಾ ಪೂರ್ತಿ ಒಪ್ತೀನಿ. ಮುಚ್ಚಿ ನೋಡಿದ್ದು ನಮ್ಮಂಥವರ ಪರವಾಗೇ ಕೆಲಸ ಮಾಡೈತಿ ಅನ್ನೂದೂ ಖರೇ. 2014ರ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನೊಳಗ ಹೆಸರು ಮುಚ್ಚಿ ರುಚಿ ನೋಡಿ, ಜಗತ್ತಿನ ಉತ್ತಮ ಸಿಂಗಲ್ ಮಾಲ್ಟ್ ಅಂತ ಆರಿಸಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದ ಸಲಿವನ್ಸ್ ಕೋವ್. ಹೆಸರು ನೋಡಿ ಕೊಟ್ಟಿದ್ರ ಆ ಬಹುಮಾನ ಸ್ಕಾಟ್ಲೆಂಡ್ ಬಿಟ್ಟು ಹೊರಗ ಬರ್ತಿದ್ದಿಲ್ಲ. 1992ರಾಗ ಬಿಲ್ ಲಾರ್ಕ್ ಅನ್ನಾವ ಲೈಸನ್ಸ್ ತಗದು ಶುರು ಮಾಡೂವರೆಗೂ ಟಾಸ್ಮೇನಿಯಾದಾಗ ಬಹಳ ಕಾಲದಿಂದ ಕಾಯ್ದೆಸೀರ ಭಟ್ಟಿನೇ ಇದ್ದಿಲ್ಲ. ನಮ್ಮ ಬೆಂಗಳೂರಿನ ಅಮೃತ್ ನೋಡ್ರಿ. 1948ರಾಗ ಹುಟ್ಟಿದ ಕಂಪನಿ, ತನ್ನ ಸಿಂಗಲ್ ಮಾಲ್ಟ್ ಅನ್ನ 2004ರಾಗ ಬೆಂಗಳೂರಿನೊಳಗ ಅಲ್ಲ, ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೋದಾಗ ಮೊದಲು ಮಾರಾಟಕ್ಕ ಇಟ್ಟಿತು. ಭಾರತದ ಹೆಸರು ಕೇಳಿ ಮೂಗು ಮುರಿಯೂ ಮಂದಿ ಮುಂದ ಇಟ್ಟು ಗೆದ್ದಿತು. 2010ರ ವಿಸ್ಕಿ ಬೈಬಲ್ ಅನ್ನೂ ಕೈಪಿಡಿಯೊಳಗ ಅದರ ಫ್ಯೂಷನ್‌ಗೆ ಜಗತ್ತಿನ ಮೂರನೇ ಸ್ಥಾನ ಸಿಕ್ಕಿತು. ಪೂರ್ವಗ್ರಹ ನಾಲಿಗಿಯನ್ನ ಆಳತೈತಿ ಅನ್ನೂದು ನಿಮ್ಮ ವಾದ. ನಾಲಿಗಿ ಪೂರ್ವಗ್ರಹವನ್ನ ಸೋಲಿಸಿದ್ದಕ್ಕೂ ಸಾಕ್ಷಿ ಅದಾವ.

ಇನ್ನ ಹವಾದ ಮಾತು. ಪೀಪಾಯಿಯಿಂದ ವರ್ಷಕ್ಕ ಆವಿಯಾಗಿ ಹೋಗೂದು ಸ್ಕಾಟ್‌ಲ್ಯಾಂಡ್‌ದಾಗ ಸುಮಾರು ನೂರಕ್ಕ 2 ಪಾಲು, ಬೆಂಗಳೂರಿನೊಳಗ 10ರಿಂದ 12. ಬಿಸಿಲಿನೊಳಗ ಕಟ್ಟಿಗಿ ಮತ್ತ ಸ್ಪಿರಿಟ್ ನಡುವಿನ ವ್ಯವಹಾರ ಜೋರ ಆಗ್ತೈತಿ, ಮಾಲು ಲಗೂನ ಹಣ್ಣಾಗ್ತೈತಿ, ಲಗೂನ ಕಮ್ಮಿನೂ ಆಗ್ತೈತಿ. ಆಲ್ಬನಿ ದಕ್ಷಿಣ ಸಮುದ್ರದ ದಂಡಿಯ ತಂಪು ಊರು, ಅಲ್ಲಿ ಇದು ನಿಧಾನ. ಆಸ್ಟ್ರೇಲಿಯಾದ ಕಾಯ್ದೆ ಕಟ್ಟಿಗಿಯೊಳಗ ಕನಿಷ್ಠ 2 ವರ್ಷ ಇಡಲೇಬೇಕು ಅಂತೈತಿ. ಹಂಗೇ ಈಗ ನಾಲ್ಕು ಹನಿ ಸಿಹಿನೀರು ಹಾಕಿ ಮತ್ತ ಮೂಸ್ರಿ. 2017ರಾಗ ಸ್ವೀಡನ್‌ನ ಇಬ್ಬರು ರಸಾಯನಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸ್ಯಾರ: ಗ್ವಾಯಕಾಲ್ ಅನ್ನೂ ಹೊಗೆವಾಸನಿಯ ವಸ್ತು, ಮದ್ಯಸಾರದ ಪ್ರಮಾಣ ಇಳದ್ರ ದ್ರವದ ಮ್ಯಾಲ್ಮೈಗೆ ಬರ್ತೈತಿ, ಹೆಚ್ಚಿದ್ರ ಒಳಗ ಅಡಗಿ ಕೂಡತೈತಿ. ನೀರು ಹಾಕೂದು ತೆಳುವು ಮಾಡಾಕಲ್ಲ, ವಾಸನಿಯನ್ನ ಮ್ಯಾಲ ಕರಿಯಾಕ.

ಮಾವ: ಇದನ್ನ ಕೇಳಾಕ ಸಂತೋಷ ಆಗ್ತೈತಿ, ಸುಳ್ಳು ಹೇಳೂದಿಲ್ಲ. ಆದ್ರ ನೀ ಕಾರಣದ ಸರಪಳಿಯನ್ನ ಗ್ಲಾಸಿಗೆ ಬಂದು ನಿಲ್ಲಿಸಿಬಿಡ್ತೀ. ನಾ ಅದನ್ನ ಗಂಟಲಿನ ಕೆಳಗ ಒಯ್ಯತೀನಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಾಗೇ ಮದ್ಯವನ್ನ ಕ್ಯಾನ್ಸರ್ ತರೂ ವಸ್ತುಗಳ ಮೊದಲನೇ ಗುಂಪಿಗೆ ಹಾಕೈತಿ. 2023ರ ಜನವರಿಯೊಳಗ ವಿಶ್ವ ಆರೋಗ್ಯ ಸಂಸ್ಥೆ, ಧೋಕೆ ಇಲ್ಲದ ಪ್ರಮಾಣ ಅಂತ ಯಾವುದೂ ಇಲ್ಲ ಅಂತು. ನಾಲ್ಕು ಹನಿ ನೀರಿನ ಲೆಕ್ಕ ಹಿಡಿಯೂ ವಿಜ್ಞಾನವನ್ನ ನಂಬೂದಾದ್ರ ಈ ವಿಜ್ಞಾನವನ್ನೂ ನಂಬಬೇಕು. ನಮ್ಮ ಸೀಮಿಯ ಇತಿಹಾಸಾನೂ ನೋಡು. ಆಗ ನಾವು ಮುಂಬೈ ಸರಕಾರದ ಧಾರವಾಡ ಜಿಲ್ಲೆಯವರು, 1949ರ ಮುಂಬೈ ಪಾನನಿಷೇಧ ಕಾಯ್ದೆ ಕಂಡವರು. 1956ರಾಗ ಮೈಸೂರು ರಾಜ್ಯಕ್ಕ ಬಂದಿವಿ. ಆಮ್ಯಾಲ ಪಾಕೀಟ್ ಸಾರಾಯಿ ಕಂಡಿವಿ, 2007ರ ಜುಲೈ 1ಕ್ಕ ಅದು ಬಂದಾದದ್ದೂ ಕಂಡಿವಿ. ಸಾರಾಯಿ ಬ್ಯಾಡ ಅಂತ ಹಳ್ಳಿಹಳ್ಳಿಯೊಳಗ ಬೀದಿಗೆ ಬಂದವರು ಹೆಣ್ಮಕ್ಕಳು. ಅವರ ಮುಂದ ಎಸ್ಟರ್, ಲ್ಯಾಕ್ಟೋನ್ ಅಂತ ಮಾತಾಡಾಕ ನಿನಗ ಬಾಯಿ ಬರ್ತೈತೇನು?

ಅಳಿಯ: ಬರ್ತೈತ್ರಿ, ಯಾಕಂದ್ರ ಅವರ ಸಿಟ್ಟು ಮತ್ತ ನನ್ನ ವಾದ ಒಂದು ಜಾಗಾದೊಳಗ ಕೂಡತಾವ. ಪಾಕೀಟ್ ಸಾರಾಯಿಯನ್ನ ರುಚಿಗೆ ಯಾರೂ ಕುಡೀತಿದ್ದಿಲ್ಲ. ಹಲ್ಲಿನಿಂದ ಹರದು, ಮೂಗು ಮುಚ್ಚಿ, ಒಂದೇ ಗುಟುಕಿಗೆ ಇಳಿಸಿ, ಲಗೂನ ಅಮಲು ಏರಲಿ ಅಂತ ಕುಡಿಯೂದು. ಸಾರಾಯಿ ನಿಂತಿತು, ಆ ಅವಸರ ನಿಲ್ಲಲಿಲ್ಲ. ಈಗ 90 ಮತ್ತ 180 ಎಂಎಲ್ ಟೆಟ್ರಾ ಪ್ಯಾಕಿನೊಳಗ ಅಗ್ಗದ ವಿಸ್ಕಿ ಸಿಗ್ತೈತಿ. ನಮ್ಮ ದೇಶದ ಅಗ್ಗದ ವಿಸ್ಕಿಯೊಳಗ ಬಹಳಷ್ಟು ಕಾಳಿನದ್ದಲ್ಲ, ಸಕ್ಕರಿ ಕಾರ್ಖಾನಿಯ ಕಾಕಂಬಿಯ ಸ್ಪಿರಿಟ್. ಹೊರಗಿನವರು ಅದನ್ನ ವಿಸ್ಕಿ ಅಂತ ಒಪ್ಪೂದೇ ಇಲ್ಲ. ಮೂಗು ಕಲತವ ಅದನ್ನ ಮುಟ್ಟೂದಿಲ್ಲ, ಮುಟ್ಟಿದ್ದನ್ನ ಅವಸರದಿಂದ ಕುಡಿಯೂದಿಲ್ಲ. ಆಸ್ವಾದ ಕುಡಿತವನ್ನ ಬಿಡಸ್ತೈತಿ ಅಂತ ನಾ ಅನ್ನೂದಿಲ್ಲ, ಅದಕ್ಕ ಪುರಾವೆ ನನ್ನ ಹಂತ್ಯಾಕ ಇಲ್ಲ. ಅದು ಅವಸರದ ವೈರಿ, ಇಷ್ಟೇ ನನ್ನ ವಾದ. ಹನ್ನೆರಡನೇ ಶತಮಾನದ ಶರಣರೊಳಗ ಹೆಂಡ ಮಾರೂ ಮಾರಯ್ಯನೂ ಒಬ್ಬ. ಅವನನ್ನ ಅನುಭವ ಮಂಟಪದಿಂದ ಹೊರಗ ಇಟ್ಟಿದ್ರ ಅವನ ವಚನಗಳು ನಮಗ ಸಿಗ್ತಿದ್ದಿಲ್ಲ. ಆ ಕಸುಬಿನ ತಿಳುವಳಿಕಿಯನ್ನ ಬಾಗಲಾ ಹಾಕಿ ಹೊರಗ ಇಡೂದು ನಮ್ಮ ಪರಂಪರೆ ಅಲ್ಲ.

ಮಾವ: ಮಾರಯ್ಯನನ್ನ ಕರದದ್ದು ಹೆಂಡದ ರುಚಿ ಕೇಳಾಕ ಅಲ್ಲಪಾ, ಅವನ ಭಕ್ತಿ ಕೇಳಾಕ. ಅದಿರಲಿ. ಅವಸರದ ವೈರಿ ಅಂದಿ, ಆದ್ರ ನಿಧಾನ ಕುಡದಾವ ಕಡಿಮಿ ಕುಡೀತಾನ ಅನ್ನೂದು ಆಶೆ, ಲೆಕ್ಕ ಅಲ್ಲ. ನಿಧಾನವಾಗಿ ಬಹಳ ಕುಡಿಯೂ ರಸಿಕರೂ ಇದ್ದಾರು. ಅದೂ ಇರಲಿ. ನಿನ್ನ ಮನಸ್ಸಿನೊಳಗ ಇನ್ನೊಂದು ಯೋಜನಾ ಐತಿ ಅಂತ ನಿನ್ನ ಮಾತಿನ ದಿಕ್ಕು ನೋಡಿದ್ರ ತಿಳೀತೈತಿ. ಗೊಂಜಾಳದಿಂದ ಆಲ್ಬನಿಯವರು ಹೆಸರು ಮಾಡಿದ್ರು, ನಮ್ಮ ಬಿಳಿಜೋಳದಿಂದ ನಾವು ಯಾಕ ಮಾಡಬಾರದು ಅಂತ ಹೌದಲ್ಲ?

ಅಳಿಯ: ಹೌದ್ರಿ. ಜಗತ್ತಿನೊಳಗ ಎಲ್ಲಕ್ಕಿಂತ ಹೆಚ್ಚು ಕುಡಿಯೂ ಭಟ್ಟಿ ಮದ್ಯ ಸ್ಕಾಚ್ ಅಲ್ಲ, ಚೀನಾದ ಬೈಜು. ಅದರ ಮುಖ್ಯ ಕಾಳು ಜೋಳ. ಲುಝೋ ಅನ್ನೂ ಊರಿನ ಹುದುಗಿನ ಕುಣಿಗಳು 1573ರಿಂದ ಬಳಕಿಯೊಳಗ ಅದಾವ. ಅಲ್ಲಿ ಹಳೇ ಕೊಳೆಯ ಒಂದು ಪಾಲು ಉಳಿಸಿ ಹೊಸಾ ಜೋಳ ಬೆರಸ್ತಾರ, ಕುಣಿಯ ಮಣ್ಣಿನೊಳಗ ಜೀವ ಇರ್ತೈತಿ. ನೀವು ಹೆಪ್ಪಿಗೆ ಹಾಕಿದ ಕರಾರು ಕೆಂಟಕಿಯೊಳಗ ಪೂರಾ ಆಗಲಿಲ್ಲ, ಚೀನಾದಾಗ ಆಗೈತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ದಾಗ ಬೆಳದ ಜೋಳ ಹಡಗು ಹತ್ತಿ ಚೀನಾಕ್ಕ ಹೋಗೂದಕ್ಕ ಬೈಜುನೂ ಒಂದು ಕಾರಣ. ನಮ್ಮ ಕಡೆ ಹಿಂಗಾರಿ ಜೋಳ ತನ್ನ ಹೊಲವನ್ನ ಕಡ್ಲಿಗೆ ಬಿಟ್ಟುಕೊಡಾಕತ್ತೈತಿ. ಜೋಳಕ್ಕ ಒಂದು ಬೆಲೆಯ ದಾರಿ ಸಿಕ್ಕರ ಒಕ್ಕಲಿಗ ಬಿತ್ತಾಕ ಧೈರ್ಯ ಮಾಡ್ತಾನ.

ಮಾವ: ಇಲ್ಲಿ ನಾ ಒಕ್ಕಲಿಗನ ಪರವಾಗಿ ಮಾತಾಡಬೇಕಾಗ್ತೈತಿ. ಮೊದಲನೇದು, ಮೌತಾಯಿ ಅನ್ನೂ ಬೈಜುಗೆ ಬೇಕಾದದ್ದು ಸಣ್ಣ, ಕೆಂಪು, ಅಂಟುಗುಣದ ಜೋಳ. ನಮ್ಮ ಮಾಲದಂಡಿ ರೊಟ್ಟಿಗಂತ ಆರಿಸಿಕೊಂಡು ಬಂದ ಬಿಳಿ ಕಾಳು, ಅದರ ಗುಣಾನೇ ಬ್ಯಾರೆ. ಕಾಳು ಒಂದೇ ಕುಲದ್ದು ಅಂದ ಮಾತ್ರಕ್ಕ ರುಚಿ ಒಂದೇ ಆಗೂದಿಲ್ಲ, ಕಾರಣ ಹುಡುಕೂ ನೀನೇ ಇದನ್ನ ಹೇಳಬೇಕಿತ್ತು. ಎರಡನೇದು, ಭಟ್ಟಿಗೆ ಹೋಗೂ ಜೋಳಕ್ಕ ಒಳ್ಳೇ ಬೆಲೆ ಸಿಗ್ತೈತಿ ಅಂತ ಯಾರು ಹೇಳಿದ್ರು? ಮಳೆಗೆ ಸಿಕ್ಕು ಕಪ್ಪಾದ ಮುಂಗಾರಿ ಜೋಳ, ತಿನ್ನೂದಕ್ಕ ಬಾರದ್ದು, ಕೋಳಿ ಆಹಾರಕ್ಕೂ ಸ್ಪಿರಿಟ್ ಕಾರ್ಖಾನಿಗೂ ಅಗ್ಗಕ್ಕ ಹೋಗ್ತೈತಿ. ಗೊಂಜಾಳ ಈಗ ಪೆಟ್ರೋಲಿಗೆ ಬೆರಸೂ ಎಥನಾಲ್ ಆಗಾಕತ್ತೈತಿ. ಕಾರ್ಖಾನಿಗೆ ಬೇಕಾದದ್ದು ಪಿಷ್ಟ, ರುಚಿ ಅಲ್ಲ. ಮೂರನೇದು, ಜೋಳ ಅಂದ್ರ ಕಾಳಷ್ಟೇ ಅಲ್ಲ, ಕಣಕಿನೂ ಹೌದು. ಎತ್ತು ಎಮ್ಮಿ ಲೆಕ್ಕ ಹಿಡೀದ ಜೋಳದ ಲಾಭ ಹೇಳೂದು ಅರ್ಧ ಲೆಕ್ಕ. ಮಲಪ್ರಭಾ ಕಾಲುವಿಯ ಕರದ ಸಲುವಾಗಿ 1980ರಾಗ ನರಗುಂದದಾಗ ಒಕ್ಕಲಿಗರು ಎದ್ದು ನಿಂತಾಗಿಂದ ನಾವು ಕಲತ ಪಾಠ ಒಂದೇ: ಮ್ಯಾಲಿನವರು ಹೇಳಿದ ಲಾಭದ ಲೆಕ್ಕವನ್ನ ಕೆಳಗಿನವರು ಮತ್ತೊಮ್ಮಿ ಕೂಡಿಸಿ ನೋಡಬೇಕು.

ಅಳಿಯ: ಮೊದಲನೇ ಎರಡಕ್ಕ ನನ್ನ ಹತ್ರ ಪೂರ್ತಿ ಉತ್ತರ ಇಲ್ರಿ. ಮೂರನೇದನ್ನ ಮರತಿದ್ದೆ. ಆದ್ರ ಕಾರ್ಖಾನಿಗೆ ಬರೇ ಪಿಷ್ಟ ಬೇಕು, ರುಚಿ ಬ್ಯಾಡ ಅಂದ್ರಲ್ಲ, ಅದೇ ನನ್ನ ವಾದದ ಹುರುಳು. ಕೊಳ್ಳಾವನಿಗೆ ರುಚಿ ಗೊತ್ತಿಲ್ಲದ ಕಡೆ ಕಪ್ಪು ಜೋಳಕ್ಕೂ ಮಾಲದಂಡಿಗೂ ಒಂದೇ ಬೆಲೆ. ಕೊಳ್ಳಾವನ ನಾಲಿಗಿ ಕಲತಷ್ಟೂ ಕಾಳಿನ ಜಾತಿಗೆ, ಹೊಲಕ್ಕ, ಬೆಳದವನಿಗೆ ಹೆಸರು ಬರ್ತೈತಿ. ಆಲ್ಬನಿಯ ಬಾಟ್ಲಿಯೊಳಗ ನನಗ ಕಂಡದ್ದು ಇದು.

ಮಾವ: ಹಂಗಾದ್ರ ಇನ್ನೊಂದು ಪ್ರಶ್ನೆ, ಇದಕ್ಕ ನೆಟ್ಟಗ ಉತ್ತರ ಕೊಡು. ನಾ ಒಂದು ಹನಿನೂ ಕುಡೀಲಿಲ್ಲ. ಲವಂಗ ಹೇಳಿದೆ, ಕೊಬ್ಬರಿ ಹೇಳಿದೆ, ಪಾಕ ಹೇಳಿದೆ. ವಿಸ್ಕಿ ಬೆರಸೂ ತಜ್ಞರೂ ದಿನದ ಕೆಲಸ ಬಹುತೇಕ ಮೂಗಿನಿಂದಾನೇ ಮಾಡ್ತಾರ, ಕುಡಿಯೂದಿಲ್ಲ. ಕಾರಣ ಹುಡುಕೂದೇ ಆಸ್ವಾದ ಆದ್ರ, ಕುಡಿಯೂದು ಅದಕ್ಕ ಬೇಕೇ ಬೇಕೇನು?

ಅಳಿಯ: ಬಹಳಷ್ಟು ಬ್ಯಾಡ್ರಿ, ಪೂರ್ತಿ ಬ್ಯಾಡ ಅನ್ನಾಕ ಆಗೂದಿಲ್ಲ. ನುಂಗಿದ ಮ್ಯಾಲ ವಾಸನಿ ಗಂಟಲಿನ ಹಿಂದಿನಿಂದ ಮೂಗಿಗೆ ಏರ್ತೈತಿ, ಅದು ಮುಂದಿನಿಂದ ಮೂಸಿದ್ದಕ್ಕಿಂತ ಬ್ಯಾರೆ. ಗೊಂಜಾಳದ ಸಿಹಿ, ರೈ ಕೊಡೂ ಖಾರ, ಬಾಯಿಯೊಳಗ ಎಣ್ಣಿಯಂಗ ಹರಡೂ ಮೈ, ಇವು ನಾಲಿಗಿ ಮ್ಯಾಲ ಬಂದ ಹೊರತು ತಿಳಿಯೂದಿಲ್ಲ. ಒಂದು ಚಮಚೆ ಸಾಕು. ಆದ್ರ ಆ ಚಮಚೆಯೊಳಗೂ ಅಮಲಿನ ಪಾಲು ಐತಿ, ಅದು ನನಗ ಹಿತ ಅನಸ್ತೈತಿ. ಬರೇ ಜ್ಞಾನಕ್ಕ ಕುಡೀತೀನಿ ಅಂದ್ರ ನಿಮ್ಮ ಮುಂದ ನಾ ಸುಳ್ಳು ಹೇಳಿದಂಗ ಆಗ್ತೈತಿ.

ಮಾವ: ಈ ಮಾತಿಗೆ ನಿನ್ನ ಬೆನ್ನು ತಟ್ಟತೀನಿ. ನೀ ಕಾಳು, ನೀರು, ಹುಳಿ, ಕಟ್ಟಿಗಿ, ಹವಾ ಅಂತ ಐದು ಕಾರಣ ಎಣಿಸಿದಿ. ನಾ ಅದಕ್ಕ ಎರಡು ಕೂಡಸ್ತೀನಿ: ಬೆಳದಾವನಿಗೆ ಎಷ್ಟು ಸಿಕ್ಕಿತು, ಕುಡದಾವನ ಮನಿಯೊಳಗ ಏನಾತು. ಈ ಏಳನ್ನೂ ಕೇಳಿದ್ರ ಅದನ್ನ ಆಸ್ವಾದ ಅಂತೀನಿ. ಐದಕ್ಕ ನಿಲ್ಲಿಸಿದ್ರ ಅದು ಮೂಗಿನ ಚಾಣಾಕ್ಷತನ. ಮೊದಲು ನಮ್ಮ ಬ್ರಾಂಡಿ ಅಂಗಡಿಯ ಪ್ರತಿ ಬಾಟ್ಲಿ ಮ್ಯಾಲ, ಟೆಟ್ರಾ ಪ್ಯಾಕ್ ಮ್ಯಾಲ, ಒಳಗಿದ್ದದ್ದು ಕಾಳಿನದ್ದೋ ಕಾಕಂಬಿಯದ್ದೋ ಅಂತ ಕನ್ನಡದೊಳಗ ದೊಡ್ಡ ಅಕ್ಷರದಾಗ ಬರಸು. ಬಿಳಿಜೋಳದ ವಿಸ್ಕಿಯ ಮಾತು ಆಮ್ಯಾಲ.

ಅಳಿಯ: ಏಳನ್ನೂ ಒಪ್ಪತೀನಿ ಮಾಮಾ. ಆದ್ರ ಹಂಗ ಬರೀರಿ ಅಂತ ಕೇಳಾವರು ಯಾರು? ಕುಡಿಯದ ನೀವು ಕೇಳಿದ್ರ ಕಂಪನಿಯವರು ಕಿವಿಗೆ ಹಾಕ್ಕೊಳ್ಳೂದಿಲ್ಲ. ಕುಡಿಯೂ ಗಿರಾಕಿ ಕೇಳಬೇಕು. ಅವ ಕೇಳಬೇಕಾದ್ರ ಕಾಳಿಗೂ ಕಾಕಂಬಿಗೂ ಇರೂ ಫರಕ್ ಅವನ ನಾಲಿಗಿಗೆ ಗೊತ್ತಾಗಬೇಕು. ಅದನ್ನ ಕಲಿಸೂದಕ್ಕೇ ನಾ ಆಸ್ವಾದ ಅನ್ನಾಕತ್ತೀನಿ.

ಮಾವ: ಗಿರಾಕಿ ಕೇಳೂವರೆಗೂ ನೀ ಕಾಯಿ. ನಮ್ಮ ಊರೊಳಗ ಹೆಣ್ಮಕ್ಕಳು ಆವಾಗೇ ಕೇಳ್ಯಾರ, ಆದ್ರ ಅವರು ಕೇಳಿದ್ದು ಕಾಳೋ ಕಾಕಂಬಿಯೋ ಅಂತ ಅಲ್ಲ. ಅಂಗಡಿ ಯಾಕ ಬೇಕು ಅಂತ.